ಒಳಗೆ ಎಂಟು, ಹೊರಗೆ ಸೊನ್ನೆ

ಹಾಲಮ್ಮ: ಅಂದ್ರೆ ಅವರು ಬರ್ತಾರೆ, ನೋಡ್ತಾರೆ, ಬರ್ಕೊಂಡು ಹೋಗ್ತಾರೆ. ಪೈಪ್ ಮಾತ್ರ ಮುಟ್ಟಲ್ಲ.

ರವಿಶಂಕರ: ಮುಟ್ಟೋದು ಅವರ ಕೆಲಸ ಅಲ್ಲ ಅತ್ತೆ. ಅವರು ಕನ್ಸಲ್ಟಿಂಗ್ ಇಂಜಿನಿಯರುಗಳು. ಎಲ್ಲಿ ಕೆಟ್ಟಿದೆ, ಹೆಂಗೆ ಸರಿ ಮಾಡ್ಬೇಕು ಅಂತ ಹೇಳ್ತಾರೆ. ಮಾಡೋರು ಬೇರೆ.

ಹಾಲಮ್ಮ: ಎಲ್ಲಿ ಕೆಟ್ಟಿದೆ ಅಂತ ನಾನೇ ಹೇಳ್ತೀನಲ್ಲ. ನಿಮ್ಮನೆ ಬಾಗಿಲಲ್ಲಿ.

ಭದ್ರಾವತಿಯ ನ್ಯೂ ಟೌನಿನಲ್ಲಿ, ಹಾಲಮ್ಮನವರ ನಡುಮನೆಯಲ್ಲಿ, ಭಾನುವಾರ ಬೆಳಗ್ಗೆ ಹತ್ತೂವರೆಗೆ ಈ ಮಾತು ಮೂರನೇ ಸುತ್ತು ಹೊಡೆಯುತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತಿದ್ದವನು ಅಳಿಯ ರವಿಶಂಕರ. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಫೋಟೋಗಳಿಗೆ ಫ್ರೇಮು ಹಾಕಿಕೊಡುವ ಅಂಗಡಿ ಅವನದು. ಕೆಳಗೆ ಚಾಪೆಯ ಮೇಲೆ ಕಾಲು ಚಾಚಿ, ಕಾಲಿನ ಮೇಲೆ ಮಗಳನ್ನು ಮಲಗಿಸಿಕೊಂಡು ಕೂತಿದ್ದವಳು ಅವನ ಹೆಂಡತಿ ಇಂಪನಾ. ಜಗಳ ತನ್ನದೇ ಆದರೂ ಅದರೊಳಗೆ ನುಗ್ಗಲು ಅವಳಿಗೆ ಇನ್ನೂ ಸಂದು ಸಿಕ್ಕಿರಲಿಲ್ಲ. ತಂದೆ ಭೂತಪ್ಪ ಜಾಣರು. ಅಳಿಯ ಬರುತ್ತಾನೆಂದು ಗೊತ್ತಾದ ಕೂಡಲೇ ಹೊಳೆಹೊನ್ನೂರಿನ ಯಾರದೋ ಗೃಹಪ್ರವೇಶಕ್ಕೆ ಹೊರಟುಬಿಟ್ಟಿದ್ದರು.

ವಿಷಯ ಇಷ್ಟೇ. ಬಾಣಂತಿಯನ್ನೂ ಮಗುವನ್ನೂ ಗಂಡನ ಮನೆಗೆ ಕಳಿಸುವುದು ಬೆಸ ತಿಂಗಳಲ್ಲಿ. ಮೂರನೆಯದು ನೆಗಡಿಯಲ್ಲಿ ಕಳೆದುಹೋಗಿತ್ತು. ಈಗ ಐದನೆಯದು ನಡೆಯುತ್ತಿದೆ, ಬುಧವಾರಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಹೊರಡದಿದ್ದರೆ ಆರನೆಯದು ಸರಿ ತಿಂಗಳು, ಹಾಲಮ್ಮ ಹೊಸಿಲು ದಾಟಿಸುವುದಿಲ್ಲ. ಏಳರ ತನಕ ಕಾಯಬೇಕು. ಇತ್ತ ಕೋಟೆಯ ಒಂದು ಓಣಿಯಲ್ಲಿ, ರವಿಶಂಕರನ ಮನೆಯ ಮೆಟ್ಟಿಲಿಗೆ ಅಂಟಿಕೊಂಡಂತೆ ಒಳಚರಂಡಿಯ ಚೇಂಬರು. ಪೈಪು ಯಾವ ಕಾಲದ್ದೋ ಯಾರಿಗೂ ತಿಳಿಯದು. ಅದು ತುಂಬಿದ ದಿನ ಓಣಿಯವರು ಹಲಗೆಯ ಮೇಲೆ ನಡೆಯುತ್ತಾರೆ, ಬಚ್ಚಲಿಗೆ ಸುರಿದ ನೀರು ಸ್ವಲ್ಪ ಹೊತ್ತು ಯೋಚಿಸಿ ವಾಪಸು ಬರುತ್ತದೆ. ಈಗ ಊರಿನ ಹಳೆಯ ಪೈಪುಗಳನ್ನೆಲ್ಲ ದುರಸ್ತಿ ಮಾಡಿಸಲು ಪಾಲಿಕೆ ಒಂದು ಕನ್ಸಲ್ಟಿಂಗ್ ಕಂಪನಿಯನ್ನು ಗೊತ್ತುಮಾಡಿದೆ ಎಂಬುದೇ ಅಳಿಯನ ಕೈಯಲ್ಲಿದ್ದ ದೊಡ್ಡ ಅಸ್ತ್ರ. ಅತ್ತೆಯ ಮುಂದೆ ಅದು ಪಟಾಕಿಯಷ್ಟೂ ಸದ್ದು ಮಾಡಿರಲಿಲ್ಲ.

ರವಿಶಂಕರ: ಪೈಪೊಳಗೆ ಕ್ಯಾಮೆರಾ ಬಿಡ್ತಾರೆ ಅತ್ತೆ. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಬೇರು ಹೊಕ್ಕಿದೆ, ಎಲ್ಲ ಟೀವೀಲಿ ಕಾಣುತ್ತೆ. ನಮ್ಮ ಸ್ಕ್ಯಾನಿಂಗ್ ಇಲ್ವಾ, ಹಂಗೆ.

ಹಾಲಮ್ಮ: ಇವಳಿಗೂ ಐದು ಸ್ಕ್ಯಾನಿಂಗ್ ಮಾಡಿಸಿದ್ರಿ. ಹೆತ್ತಿದ್ದು ಸ್ಕ್ಯಾನಿಂಗಾ, ಇವಳಾ?

ಇಂಪನಾ: ಅಮ್ಮ.

ಹಾಲಮ್ಮ: ಇರ್ಲಿ, ಕೇಳ್ತೀನಿ. ಅಳಿಯಂದ್ರೇ, ಕ್ಯಾಮೆರಾ ಬಿಟ್ಟಾಯ್ತು. ಆಮೇಲೆ?

ಆಮೇಲಿನದನ್ನು ರವಿಶಂಕರ ಹೇಳಿದ. ವರದಿಗೆ ಆರು ತಿಂಗಳು, ಅದನ್ನು ಮೇಲಿನವರು ಒಪ್ಪಲು ಮೂರು, ಟೆಂಡರಿಗೆ ನಾಲ್ಕು, ಅಗೆಯುವುದಕ್ಕೆ ಮಳೆಗಾಲ ಕಳೆಯಬೇಕು. ಅವನು ಹೇಳಿದ ಹಾಗೂ ಹಾಲಮ್ಮ ತಿಂಗಳಿಗೊಂದು ಬೆರಳು ಮಡಿಸುತ್ತ ಹೋದರು. ಎರಡೂ ಕೈಯ ಬೆರಳು ಸಾಲದೆ, ಮೊಮ್ಮಗಳ ಪುಟ್ಟ ಬೆರಳುಗಳನ್ನೂ ಸಾಲ ಪಡೆದು ಲೆಕ್ಕ ಮುಗಿಸಿದರು. ತನ್ನ ಬೆರಳು ಯಾಕೆ ಮಡಿಸುತ್ತಿದ್ದಾರೆಂದು ತಿಳಿಯದ ಮಗು ಅಜ್ಜಿಗೆ ಪೂರ್ತಿ ಸಹಕಾರ ಕೊಟ್ಟಿತು.

ಹಾಲಮ್ಮ: ಹೊಸ ಪೈಪ್ ಬೀಳೋ ಹೊತ್ತಿಗೆ ನೀವು ಕರ್ಕೊಂಡು ಹೋಗೋಕೆ ಬರೋದೇ ಬೇಡ. ನಿಮ್ಮ ಮಗಳೇ ಬ್ಯಾಗ್ ಹಾಕ್ಕೊಂಡು ಬಸ್ ಹತ್ತಿ ಬರ್ತಾಳೆ.

ರವಿಶಂಕರ ತನ್ನ ಎರಡನೆಯ ಅಸ್ತ್ರ ತೆಗೆದ. ಅದನ್ನು ತೆಗೆಯುವಾಗ ಅವನು ಅತ್ತೆಯ ಮುಖ ನೋಡದೆ ಗೋಡೆಯ ಕ್ಯಾಲೆಂಡರು ನೋಡಿದ್ದನ್ನು ಇಂಪನಾ ಗಮನಿಸಿದಳು. ಆಗ ಅದಕ್ಕೆ ಅರ್ಥ ಹಚ್ಚಲಿಲ್ಲ.

ರವಿಶಂಕರ: ಈಗ ಮೊದಲಿನ ಹಂಗಿಲ್ಲ ಅತ್ತೆ. ಒಂದು ತಿಂಗಳಾಯ್ತು, ಚೇಂಬರಿಂದ ಒಂದು ಹನಿ ಮೇಲೆ ಬಂದಿಲ್ಲ. ಬೇಕಾದ್ರೆ ಇಂಪು ಪುಸ್ತಕ ನೋಡಿ.

ಹಾಲಮ್ಮ: ಯಾಕೆ, ಇಂಜಿನಿಯರು ಬರ್ತಾರೆ ಅಂತ ಗೊತ್ತಾಗಿ ಹೆದ್ರಿಕೊಂಡಿತಾ?

ಪುಸ್ತಕದ ಸಂಗತಿ ಸ್ವಲ್ಪ ಹೇಳಬೇಕು. ಇಂಪನಾ ಬರೆದಿಡುವ ಹುಡುಗಿ. ಹೈಸ್ಕೂಲಿನಿಂದ ಬಂದ ಅಭ್ಯಾಸ, ಮದುವೆಯಲ್ಲೂ ಬಿಡಲಿಲ್ಲ, ಹೆರಿಗೆ ನೋವು ಶುರುವಾದ ಗಂಟೆಯನ್ನೂ ಬರೆದಿಟ್ಟೇ ಆಟೋ ಹತ್ತಿದವಳು. ಈಗ ಅವಳ ಹತ್ತಿರ ಇದ್ದದ್ದು ಇನ್ನೂರು ಪುಟದ ಒಂದು ಗೆರೆಯ ನೋಟ್‌ಬುಕ್ಕು. ಅದರ ಮುಂದಿನಿಂದ ಮಗಳದು: ದಿನಕ್ಕೆ ಎಷ್ಟು ಸಲ ಹಾಲು ಕುಡಿದಳು, ಎಷ್ಟು ಸಲ ಬಟ್ಟೆ ಕೆಡಿಸಿಕೊಂಡಳು, ಯಾವ ಬಣ್ಣ. ಮಕ್ಕಳ ಡಾಕ್ಟರು ಬರೆದಿಡಿ ಎಂದಿದ್ದಕ್ಕೆ ಅವಳು ಅಚ್ಚುಕಟ್ಟಾಗಿ ಗೆರೆ ಎಳೆದು ಎರಡು ಕಾಲಂ ಮಾಡಿದ್ದಳು. ಒಂದರ ತಲೆಯ ಮೇಲೆ 'ಒಳಗೆ', ಇನ್ನೊಂದರ ಮೇಲೆ 'ಹೊರಗೆ'. ಅದೇ ನೋಟ್‌ಬುಕ್ಕನ್ನು ತಿರುಗಿಸಿ ಹಿಂದಿನಿಂದ ತೆರೆದರೆ ಚೇಂಬರಿನದು. ಕನ್ಸಲ್ಟಿಂಗ್ ಕಂಪನಿಯವರು ಓಣಿಗೊಬ್ಬರನ್ನು ಹಿಡಿದು, ತಿಂಗಳ ಕಾಲ ದಿನವೂ ಚೇಂಬರಿನ ಸ್ಥಿತಿ ಬರೆದಿಡಲು ಹೇಳಿದ್ದರು. ರವಿಶಂಕರನ ಅಕ್ಷರ ಕೋಳಿ ಕೆದರಿದ ಹಾಗೆ. ಹೀಗಾಗಿ ದಿನಾ ಸಂಜೆ ಅಂಗಡಿ ಮುಚ್ಚಿ ಅವನು ಫೋನಿನಲ್ಲಿ ಹೇಳುತ್ತಿದ್ದ, ಇಂಪನಾ ಬರೆದುಕೊಳ್ಳುತ್ತಿದ್ದಳು. ಚೇಂಬರಿನ ಮಾತು ಅರ್ಧ ನಿಮಿಷ, ಅದರ ನೆಪದಲ್ಲಿ ಮಿಕ್ಕ ಮಾತು ಮುಕ್ಕಾಲು ಗಂಟೆ. ಕಳೆದ ಭಾನುವಾರ ಬಂದಿದ್ದಾಗ ಅವನು ಆ ಪುಟಗಳ ಫೋಟೋ ಹಿಡಿದು ಇಂಜಿನಿಯರಿಗೆ ಕಳಿಸಿಯೂ ಆಗಿತ್ತು.

ಹಾಲಮ್ಮ ಪುಸ್ತಕ ಮುಟ್ಟಲಿಲ್ಲ. ಅವರ ಬಳಿ ಬೇರೆ ದಾರಿಯಿತ್ತು.

ಹಾಲಮ್ಮ: ಆಯ್ತು, ಚೇಂಬರು ಒಳ್ಳೇದಾಯ್ತು ಅಂತಾನೇ ಇಟ್ಕೊಳ್ಳಿ. ಮಗು ಹೊಟ್ಟೆ? ಆಚೆ ವಾರ ಐದು ದಿನ ಹೋಗ್ಲಿಲ್ಲ. ಈಗ ಮತ್ತೆ ಮೂರು ದಿನ ಆಯ್ತು. ಇಂಥ ಹೊಟ್ಟೆ ಇಟ್ಕೊಂಡು ನೀರು ಬದಲಾಯ್ಸೋಕೆ ಆಗುತ್ತಾ?

ರವಿಶಂಕರ: ಡಾಕ್ಟರು ಏನೂ ಭಯ ಇಲ್ಲ ಅಂದ್ರಂತಲ್ಲ.

ಹಾಲಮ್ಮ: ಡಾಕ್ಟರಿಗೇನು, ಅವರು ಮನೇಲಿ ಮಗು ಇಟ್ಕೊಂಡು ಕೂತಿರ್ತಾರಾ?

ರವಿಶಂಕರ ಬಾಗಿ ಮಗಳ ಹೊಟ್ಟೆ ಸವರಿದ. ಇಂಪನಾಳ ಸಂಕಟವೂ ಆ ಹೊಟ್ಟೆಯದೇ. ಅವಳಿಗೆ ಹೋಗಬೇಕಿತ್ತು. ಅಮ್ಮನ ಮನೆಯಲ್ಲಿ ಯಾವ ಕೊರತೆಯೂ ಇಲ್ಲ, ತಟ್ಟೆಯ ಮುಂದೆ ಕೂತರೆ ಬಿಸಿ ಅನ್ನ, ಮಲಗಿದರೆ ತಲೆಗೆ ಎಣ್ಣೆ. ಆದರೂ ಕೋಟೆಯ ಆ ಸಣ್ಣ ಅಡಿಗೆಮನೆ, ತಾನೇ ಕಾಗದ ಹಾಸಿಟ್ಟ ಡಬ್ಬಿಗಳು, ಫೆವಿಕಾಲ್ ಅಂಟಿದ ಬೆರಳಲ್ಲೇ ಮಗಳ ಕೆನ್ನೆ ಮುಟ್ಟಲು ಬಂದು ಬೈಸಿಕೊಳ್ಳುವ ಈ ಮನುಷ್ಯ, ಇವೆಲ್ಲ ಅವಳಿಗೆ ದಿನಾ ನೆನಪಾಗುತ್ತಿದ್ದವು. ಇನ್ನೆರಡು ತಿಂಗಳು ಕಳೆದರೆ ಮಗಳು ಅಪ್ಪನ ಮುಖ ಕಂಡು ಅಳುವ ವಯಸ್ಸಿಗೆ ಬರುತ್ತಾಳೆ. ಆದರೆ ಹೊಟ್ಟೆ ಸರಿಯಿಲ್ಲದ ಕೂಸನ್ನು ಎತ್ತಿಕೊಂಡು ಹೊರಟ ತಾಯಿ ಎನಿಸಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

ಆಗ ರವಿಶಂಕರನ ಫೋನು ಬಡಿದುಕೊಂಡಿತು. ಹೆಸರು ನೋಡಿ ಅವನ ಬೆನ್ನು ನೆಟ್ಟಗಾಯಿತು. ಕನ್ಸಲ್ಟಿಂಗ್ ಇಂಜಿನಿಯರು ಗುರುಪ್ರಸಾದ್. ಇಂಥ ದೊಡ್ಡವರು ತನಗೆ ಭಾನುವಾರ ಫೋನು ಮಾಡುತ್ತಾರೆಂಬುದು ಅತ್ತೆಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಫೋನನ್ನು ಸ್ಟೂಲಿನ ಮೇಲೆ ನೈವೇದ್ಯದ ಹಾಗೆ ಇಟ್ಟ. ಆ ಒಂದು ಬೆರಳು ಒತ್ತಿದ್ದಕ್ಕೆ ಅವನು ಮುಂದೆ ಬಹಳ ದಿನ ಪಶ್ಚಾತ್ತಾಪ ಪಟ್ಟ.

ಗುರುಪ್ರಸಾದ್: ರವಿಶಂಕರ್ ಸರ್, ನಾಳೆ ಹನ್ನೊಂದಕ್ಕೆ ರಿಪೇರಿ ಆಗ್ಬೇಕಾದ ಓಣಿಗಳ ಮೊದಲ ಪಟ್ಟಿ ಕೊಡ್ಬೇಕು, ಅದಕ್ಕೆ ಭಾನುವಾರನೂ ಕೂತಿದೀನಿ. ನಿಮ್ಮ ಓಣಿ ದಾಖಲೆ ಬಗ್ಗೆ ಮಾತಾಡ್ಬೇಕಿತ್ತು. ಯಾರು ಸರ್ ಬರೆದಿದ್ದು?

ರವಿಶಂಕರ: ನಮ್ಮನೆಯವರು ಸರ್.

ಗುರುಪ್ರಸಾದ್: ಅದ್ಭುತ ಸರ್. ಹದಿನೇಳು ಓಣಿಯವರು ಕೊಟ್ಟಿದಾರೆ, ಎಲ್ಲ ಬರೀ ತುಂಬಿದೆ, ವಾಸನೆ, ಅಷ್ಟೇ. ಇವರೊಬ್ಬರೇ ಒಳಗೆ ಎಷ್ಟು, ಹೊರಗೆ ಎಷ್ಟು ಅಂತ ಬೇರೆ ಮಾಡಿ ಬರೆದಿದಾರೆ. ನಮ್ಮ ಜೂನಿಯರ್‌ಗಳಿಗೂ ಇದು ಹೊಳೆದಿಲ್ಲ.

ರವಿಶಂಕರ ಹೆಂಡತಿಯ ಕಡೆ ಹೆಮ್ಮೆಯಿಂದ ನೋಡಿದ. ಇಂಪನಾ ಹೆಮ್ಮೆಪಡಲಿಲ್ಲ. ಚೇಂಬರಿನ ಕಡೆಯ ಪುಟಗಳಲ್ಲಿ ಅವಳು ಕಾಲಮ್ಮೇ ಹಾಕಿರಲಿಲ್ಲ. ಅವಳ ಕೈ ಮಗುವಿನ ಎದೆಯ ಮೇಲೆ ಹಾಗೇ ನಿಂತಿತು.

ಗುರುಪ್ರಸಾದ್: ಒಂದೆರಡು ಅನುಮಾನ ಇದೆ. ಹೊರಗೆ ಅನ್ನೋ ಕಡೆ 'ಹಳದಿ' ಅಂತ ಬರೆದಿದೆ. ಹತ್ರ ಎಲ್ಲಾದ್ರೂ ಅರಿಶಿನ ಪುಡಿ ಮಾಡೋ ಮಿಲ್ ಇದೆಯಾ ಸರ್?

ರವಿಶಂಕರ: ಇರ್ಬಹುದು ಸರ್. ಮಾರ್ಕೆಟ್ ಕಡೆ.

ಗುರುಪ್ರಸಾದ್: ಶುಕ್ರವಾರ ಒಂದು ಕಡೆ 'ಅಜ್ಜಿ ಹರಳೆಣ್ಣೆ ಬಿಟ್ಟು ತಿಕ್ಕಿದರು' ಅಂತಿದೆ. ದಯವಿಟ್ಟು ಹಂಗೆಲ್ಲ ಮಾಡಿಸ್ಬೇಡಿ. ಎಣ್ಣೆ ಒಳಗೆ ಹೋದ್ರೆ ಗಟ್ಟಿ ಹಿಡ್ಕೊಳ್ಳುತ್ತೆ. ಯಾರೀ ಅಜ್ಜಿ? ಓಣಿಯವರಾ?

ಹಾಲಮ್ಮ ಕೂತಲ್ಲೇ ಅರ್ಧ ಎದ್ದರು.

ಹಾಲಮ್ಮ: ಯಾರಿಗೆ ಹೇಳ್ತಿದಾನೆ ಅವನು? ಮೂರು ಮಕ್ಕಳಿಗೆ ತಿಕ್ಕಿದೀನಿ ನಾನು. ಒಂದಕ್ಕೂ ಗಟ್ಟಿ ಹಿಡೀಲಿಲ್ಲ.

ಗುರುಪ್ರಸಾದ್: ಏನಂದ್ರಿ ಸರ್?

ರವಿಶಂಕರನಿಗೆ ಈಗ ಬೆಳಕಾಯಿತು. ಕಳೆದ ಭಾನುವಾರ ಬಸ್ಸಿಗೆ ಹೊತ್ತಾಗಿ, ಚೀಲ ಹೆಗಲಿಗೇರಿಸಿಕೊಂಡೇ ನೋಟ್‌ಬುಕ್ಕು ಮುಂದಿನಿಂದಲೇ ತೆರೆದು ಪಟಪಟನೆ ಎರಡು ಫೋಟೋ ಹಿಡಿದು ಓಡಿದ್ದ. ಓದಿ ನೋಡಲಿಲ್ಲವಾ ಎಂದು ಇಂಪನಾ ಕಣ್ಣಲ್ಲೇ ಕೇಳಿದಳು. ನಿನ್ನ ಅಕ್ಷರ ಕಂಡಿತು, ಸಾಕಾಯಿತು ಎಂದು ಅವನು ಪಿಸುಗುಟ್ಟಿದ. ಬೇರೆ ಹೊತ್ತಾಗಿದ್ದರೆ ಅವಳಿಗೆ ಅದು ಮುದ್ದಾಗಿ ಕೇಳುತ್ತಿತ್ತು.

ಸತ್ಯ ಹೇಳಿಬಿಡೋಣವೆಂದು ಅವಳು ಫೋನಿನ ಕಡೆ ಬಾಗಿದಳು. ಅಷ್ಟರಲ್ಲಿ ಗುರುಪ್ರಸಾದ್ ಮುಖ್ಯ ವಿಷಯಕ್ಕೆ ಬಂದಿದ್ದ.

ಗುರುಪ್ರಸಾದ್: ಅದಿರ್ಲಿ ಸರ್. ನಿಜವಾದ ಸಮಸ್ಯೆ ಬೇರೆ ಇದೆ. ಸೋಮವಾರದಿಂದ ಶುಕ್ರವಾರದ ತನಕ ನೋಡಿ. ದಿನಾ ಒಳಗೆ ಎಂಟು, ಹೊರಗೆ ಸೊನ್ನೆ. ಐದು ದಿನ. ಮೊದಲು ನಾನು ಎಲ್ಲೋ ಕಟ್ಕೊಂಡಿದೆ ಅಂತಾನೇ ಅಂದ್ಕೊಂಡೆ. ಆದ್ರೆ ಕಟ್ಕೊಂಡಿದ್ರೆ ಆರನೇ ದಿನ ಐದು ದಿನದ್ದೂ ಒಟ್ಟಿಗೇ ನುಗ್ಗಿ ಬರ್ಬೇಕು. ಬರ್ಲಿಲ್ಲ. ಶನಿವಾರ ಏನಿದೆ? 'ಒಂದು ಸಲ, ಎಂದಿನಷ್ಟೇ.' ಹಾಗಾದ್ರೆ ಆ ಐದು ದಿನದ್ದು ಎಲ್ಲಿ ಹೋಯ್ತು?

ಮಗು ಕಾಲು ಒದೆಯುತ್ತ ಸೂರು ನೋಡಿ ನಕ್ಕಿತು.

ಇಂಪನಾ: ಎಲ್ಲಿ ಹೋಗಿರುತ್ತೆ ಸರ್?

ಗುರುಪ್ರಸಾದ್: ಓ, ಮೇಡಂ, ನೀವೇನಾ ಬರೆದಿದ್ದು? ನೋಡಿ ಮೇಡಂ, ಒಳಗೆ ಹೋಗಿದ್ದು ಮಾಯ ಆಗಲ್ಲ. ಹೊರಗೆ ಬಂದೇ ಬಂದಿದೆ, ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ಅಂದ್ರೆ ಮಧ್ಯದಲ್ಲಿ ಯಾರೋ ತೆಗೀತಿದಾರೆ. ನೀವು ಗಮನಿಸೋಕೆ ಮುಂಚೆ, ಬೆಳಕು ಹರಿಯೋ ಹೊತ್ತಿಗೇ ಗುಟ್ಟಾಗಿ ಎತ್ತಿ ತೊಳೆದು ಮುಗಿಸ್ತಿದಾರೆ.

ಇಂಪನಾ: ಯಾಕೆ ಹಂಗೆ ಮಾಡ್ತಾರೆ?

ಗುರುಪ್ರಸಾದ್: ಏನೋ ಅನುಕೂಲ ಇರುತ್ತೆ ಮೇಡಂ. ಇದು ಕೆಟ್ಟಿದೆ ಅಂತ ತೋರಿಸಿದ್ರೆ ಯಾರಿಗೆ ಉಪಯೋಗ ಅಂತ ಯೋಚನೆ ಮಾಡಿ. ಹೊರಗಿನವರಂತೂ ಅಲ್ಲ. ಅಷ್ಟು ಕರೆಕ್ಟಾಗಿ ಹೊತ್ತು ಗೊತ್ತಿರೋದು ಮನೆಯವರಿಗೇ.

ಹಾಲಮ್ಮ ಎದ್ದು, ಅನ್ನ ಸೀದುಹೋಗುತ್ತದೆ ಎನ್ನುತ್ತ ಅಡಿಗೆಮನೆಯ ಕಡೆ ಹೆಜ್ಜೆ ಹಾಕಿದರು. ಒಲೆಯ ಮೇಲೆ ಅನ್ನವಿರಲಿಲ್ಲ. ಅಕ್ಕಿ ಇನ್ನೂ ಮೊರದಲ್ಲೇ ಇತ್ತು.

ಇಂಪನಾ: ಅಮ್ಮ, ಇಲ್ಲಿ ಬಾ.

ಹಾಲಮ್ಮ: ಬಂದೆ ಇರೇ.

ಇಂಪನಾ: ದಿನಾ ಬೆಳಗ್ಗೆ ನಾನು ಏಳೋಕೆ ಮುಂಚೆ ಪಾಪುನ ಎತ್ಕೊಂಡು ಬಚ್ಚಲ ಒಲೆ ಹತ್ರ ಹೋಗ್ತೀಯಲ್ಲ.

ಹಾಲಮ್ಮ: ಬೆಚ್ಚಗಿರ್ಲಿ ಅಂತ.

ಇಂಪನಾ: ಆಗ ಅವಳು ಏನೂ ಮಾಡಲ್ವಾ?

ಹಾಲಮ್ಮ: ಯಾರು?

ಇಂಪನಾ: ಅಮ್ಮ.

ಹಾಲಮ್ಮ ಸೆರಗಿನ ತುದಿಯನ್ನು ಎರಡು ಸಲ ಸುತ್ತಿದರು, ಎರಡು ಸಲ ಬಿಚ್ಚಿದರು. ಆಮೇಲೆ ತಪ್ಪೊಪ್ಪಿಕೊಳ್ಳುವ ಬದಲು ಅವರ ದನಿಯಲ್ಲಿ ಎಲ್ಲಿಂದಲೋ ಒಂದು ಜಂಬ ಎದ್ದು ಬಂತು.

ಹಾಲಮ್ಮ: ಮಾಡ್ತಾಳೆ. ಗಡಿಯಾರ ಇಟ್ಕೊಂಡ ಹಂಗೆ ಐದೂಕಾಲಿಗೆ ಮಾಡ್ತಾಳೆ. ಒಂದು ದಿನ ತಪ್ಪಿಸಿಲ್ಲ ನನ್ನ ಬಂಗಾರಿ.

ಇಂಪನಾ: ಮತ್ತೆ ಶನಿವಾರ?

ಹಾಲಮ್ಮ: ಶನಿವಾರ ನೀನು ಮುಂಚೆ ಎದ್ದುಬಿಟ್ಟೆ.

ರವಿಶಂಕರ ಚಾಪೆಯ ಮೇಲೆ ಕುಸಿದು ಕೂತು, ಶಬ್ದ ಬರದ ಹಾಗೆ ಬಾಯಿಗೆ ಟವೆಲು ತುರುಕಿಕೊಂಡು ನಗಲು ಶುರುಮಾಡಿದ. ಎಂಟು ದಿನ ತಾನು ಮಗುವಿನ ಹೊಟ್ಟೆ ಒತ್ತಿ ಒತ್ತಿ ನೋಡಿದ್ದು, ಕಷಾಯ ಕುಡಿದದ್ದು, ಡಾಕ್ಟರ ಹತ್ತಿರ ಎರಡು ಸಲ ಓಡಿದ್ದು, ಎಲ್ಲ ಇಂಪನಾಳ ಕಣ್ಣಮುಂದೆ ಸಾಲಾಗಿ ನಿಂತವು. ಸಿಟ್ಟು ಬರಬೇಕಿತ್ತು. ಆದರೆ ನಸುಕಿನಲ್ಲಿ ಬಚ್ಚಲ ಕಲ್ಲಿನ ಮೇಲೆ ಕೂತು, ಕಳ್ಳರ ಹಾಗೆ ಅತ್ತಿತ್ತ ನೋಡುತ್ತ, ಒಂದು ಪುಟ್ಟ ಬಟ್ಟೆಯನ್ನು ಗುಟ್ಟಾಗಿ ಒಗೆಯುತ್ತಿರುವ ಅಮ್ಮನ ಚಿತ್ರ ಬಂದು ಸಿಟ್ಟಿನ ದಾರಿಗೆ ಅಡ್ಡ ಕೂತಿತು.

ಗುರುಪ್ರಸಾದ್: ಹಲೋ, ಮೇಡಂ. ಕೇಳಿಸ್ತಿದೆಯಾ? ಯಾರ ಮೇಲಾದ್ರೂ ಅನುಮಾನ ಇದೆಯಾ?

ಇಂಪನಾ: ಸಿಕ್ಕಿದ್ರು ಸರ್. ನೀವು ಹೇಳಿದ್ದು ಅಷ್ಟೂ ಸರಿ. ಆದ್ರೆ ಸರ್, ಅದು ಚೇಂಬರಿಂದು ಅಲ್ಲ. ನಮ್ಮ ಪಾಪೂದು.

ಗುರುಪ್ರಸಾದ್: ಪಾಪು ಅಂದ್ರೆ, ನಿಮ್ಮ ಓಣಿ ಹೆಸರಾ?

ಇಂಪನಾ: ನಮ್ಮ ಮಗಳು ಸರ್. ಐದನೇ ತಿಂಗಳು.

ಆ ಕಡೆ ಹಾಳೆ ತಿರುವಿದ ಸದ್ದು ಕೇಳಿಸಿತು.

ಗುರುಪ್ರಸಾದ್: ಒಳಗೆ ಎಂಟು ಅಂದ್ರೆ?

ಇಂಪನಾ: ಹಾಲು ಸರ್.

ಗುರುಪ್ರಸಾದ್: ಮೇಡಂ, ನಾನು ನಿನ್ನೆ ಇದನ್ನ ಗ್ರಾಫ್ ಹಾಕಿ ನಮ್ಮ ಚೀಫ್‌ಗೆ ತೋರಿಸಿದೀನಿ.

ರವಿಶಂಕರ: ಏನಂದ್ರು ಸರ್ ಅವರು?

ಗುರುಪ್ರಸಾದ್: ಮೂವತ್ತು ವರ್ಷದ ಸರ್ವೀಸಲ್ಲಿ ಇಷ್ಟು ಚೆಂದದ ದಾಖಲೆ ನೋಡಿಲ್ಲ ಅಂದ್ರು. ಊರಿಗೇ ಇದನ್ನ ಮಾದರಿ ಮಾಡೋಣ ಅಂದ್ರು.

ಗುರುಪ್ರಸಾದ್ ಆಮೇಲೆ, ಚೇಂಬರಿನ ನಿಜವಾದ ಪುಟ ಎಲ್ಲಿದೆ ಎಂದು ವಿಚಾರಿಸಿದ. ಅದೂ ಇದೇ ಪುಸ್ತಕದಲ್ಲಿದೆ, ಈಗಲೇ ಓದುತ್ತೇನೆ ಎಂದು ಇಂಪನಾ ನೋಟ್‌ಬುಕ್ಕನ್ನು ತಿರುಗಿಸಿದಳು. ರವಿಶಂಕರನ ನಗು ಟವೆಲಿನೊಳಗೇ ನಿಂತುಹೋಯಿತು. ಫೋಟೋ ಹಿಡಿದು ಕಳಿಸಿದರೆ ಆಗದಾ, ಈಗ ಓದಿದರೆ ನೆಟ್‌ವರ್ಕು ಸರಿಯಾಗಿ ಸಿಗುವುದಿಲ್ಲ ಎಂದು ಏನೇನೋ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಂಪನಾ: ಒಂದನೇ ತಾರೀಕು, ಒಣಗಿದೆ. ಎರಡು, ಒಣಗಿದೆ. ಮೂರು, ಒಣಗಿದೆ, ವಾಸನೆ ಇಲ್ಲ. ನಾಲ್ಕು, ಒಣಗಿದೆ, ಪಕ್ಕದ ಮನೆಯವರು ಮುಚ್ಚಳದ ಮೇಲೆ ರಂಗೋಲಿ ಹಾಕಿದ್ದಾರೆ.

ಗುರುಪ್ರಸಾದ್: ತಿಂಗಳು ಪೂರ್ತಿ ಹೀಗೇನಾ ಮೇಡಂ?

ಇಂಪನಾ: ಪೂರ್ತಿ ಹೀಗೇ ಸರ್.

ಗುರುಪ್ರಸಾದ್: ಹಾಗಾದ್ರೆ ಒಳ್ಳೇದೇ ಆಯ್ತು. ನಿಮ್ಮ ಓಣಿಗೆ ಏನೂ ಬೇಡ. ಪಟ್ಟಿಯಿಂದ ಹೊಡೆದುಹಾಕ್ತೀನಿ.

ಹಾಲಮ್ಮ: ಹೊಡೆದುಹಾಕಿದ್ರೆ ಮತ್ತೆ ಯಾವಾಗಪ್ಪ ಬರೋದು ನೀವು?

ಗುರುಪ್ರಸಾದ್: ಅದು ನನಗೂ ಗೊತ್ತಿಲ್ಲಮ್ಮ. ಈ ಸಲ ಬಿಟ್ಟುಹೋದ ಓಣಿ ಬಿಟ್ಟುಹೋದ ಹಂಗೇ.

ಇಂಪನಾ ಗಂಡನ ಮುಖ ನೋಡಿದಳು. ಅಲ್ಲಿ ಎರಡು ಎತ್ತುಗಳು ಎರಡು ಕಡೆ ಎಳೆಯುತ್ತಿದ್ದವು. ಸುಮ್ಮನಿದ್ದರೆ ಬುಧವಾರ ಹೆಂಡತಿ ಮಗಳು ಮನೆಗೆ ಬರುತ್ತಾರೆ, ಅತ್ತೆಯ ಬಾಯಿ ಹೇಗೂ ಈಗಷ್ಟೇ ಕಟ್ಟಿದೆ. ಬಾಯಿ ಬಿಟ್ಟರೆ ಓಣಿ ಉಳಿಯುತ್ತದೆ, ಅವರು ಉಳಿಯುವುದು ಭದ್ರಾವತಿಯಲ್ಲಿ. ಕೀಬೋರ್ಡಿನ ಟಕಟಕ ಫೋನಿನಿಂದ ಕೇಳಿಸಿತು. ರವಿಶಂಕರ ಕಣ್ಣು ಮುಚ್ಚಿಕೊಂಡ.

ರವಿಶಂಕರ: ಹೊಡೀಬೇಡಿ ಸರ್. ದಿನಾ ತುಂಬುತ್ತೆ.

ಗುರುಪ್ರಸಾದ್: ಏನು?

ರವಿಶಂಕರ: ತಿಂಗಳಲ್ಲಿ ಒಂದು ದಿನಾನೂ ಒಣಗಿರ್ಲಿಲ್ಲ ಸರ್. ಇವತ್ತು ನಾನು ಹಲಗೆ ಮೇಲೇ ಬಂದಿದ್ದು. ಇವಳಿಗೆ ಸುಳ್ಳು ಹೇಳಿ ಬರೆಸಿದೆ. ನಿಮಗೆ ಕಳಿಸೋಕೆ ಅಂತ ನಿಜದ್ದನ್ನ ನಾನೇ ಬೇರೆ ಬರೆದಿಟ್ಟಿದ್ದೆ. ಆಮೇಲೆ ನನ್ನ ಅಕ್ಷರ ನನಗೇ ಓದೋಕಾಗ್ಲಿಲ್ಲ. ಹೆಂಗೂ ನೀವು ಬಂದು ನೋಡ್ತೀರಲ್ಲ ಅಂತ ಇವಳ ಪುಸ್ತಕದ್ದೇ ಕಳಿಸಿಬಿಟ್ಟೆ.

ಇಂಪನಾ: ರಂಗೋಲಿ?

ರವಿಶಂಕರ: ರಂಗೋಲಿ ನಿಜ ಕಣೇ. ಬೆಳಗ್ಗೆ ಹಾಕಿದ್ರು. ಒಂಬತ್ತು ಗಂಟೆಗೆ ತೇಲ್ತು.

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಇಂಪನಾಗೆ ಆಮೇಲೆ ನೆನಪಿದ್ದದ್ದು ಇಷ್ಟು: ತಾನು ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡದ್ದು, ಕಾಲಿನ ಮೇಲಿದ್ದ ಮಗು ಆ ಕುಲುಕಾಟಕ್ಕೆ ಮೇಲೆ ಕೆಳಗೆ ಹಾರುತ್ತ ಕೇಕೆ ಹಾಕಿದ್ದು, ಬಾಯಿಗೆ ಸೆರಗು ಒತ್ತಿಕೊಂಡ ಹಾಲಮ್ಮ ಗೋಡೆಯ ಕಡೆ ತಿರುಗಿದರೂ ಅವರ ಬೆನ್ನು ಎಲ್ಲವನ್ನೂ ಹೇಳಿಬಿಟ್ಟದ್ದು. ನಗು ಇಳಿದ ಮೇಲೆ ಅವಳು ಕಣ್ಣೊರೆಸಿಕೊಂಡಳು. ಅವಳ ಅಚ್ಚುಕಟ್ಟಾದ ನೋಟ್‌ಬುಕ್ಕಿನಲ್ಲಿ ಈ ಕಡೆಯಿಂದ ಅಮ್ಮನ ಸುಳ್ಳು, ಆ ಕಡೆಯಿಂದ ಗಂಡನ ಸುಳ್ಳು. ಮಧ್ಯದಲ್ಲಿ ನಾಲ್ಕು ಹಾಳೆ ಖಾಲಿ ಉಳಿದಿತ್ತು.

ಇಂಪನಾ: ಇಬ್ರೂ ಕೇಳಿ. ಬುಧವಾರ ನಾನು ಹೋಗ್ತೀನಿ. ಚೇಂಬರು ತುಂಬ್ಲಿ, ಬಿಡ್ಲಿ.

ಹಾಲಮ್ಮ: ಮತ್ತೆ ಮಗು ನೀರು? ಎರಡು ಹಂಡೆ ಬೇಕು ಅವಳಿಗೆ. ಬಚ್ಚಲಿಗೆ ಸುರಿದಿದ್ದು ವಾಪಸ್ ಬಂದ್ರೆ?

ಇಂಪನಾ: ಬಚ್ಚಲಲ್ಲಿ ಯಾರು ಹಾಕ್ತಾರೆ? ತಾರಸಿ ಮೇಲೆ ಬಿಸಿಲಲ್ಲಿ ಹಾಕ್ತೀನಿ. ಅಲ್ಲಿಂದ ಒಂದು ಪೈಪ್ ಇಳಿಸಿದ್ರೆ ನೀರು ಸೀದಾ ಹಿತ್ತಲ ತೆಂಗಿನ ಮರಕ್ಕೆ ಹೋಗುತ್ತೆ. ಚೇಂಬರಿನ ಸಹವಾಸನೇ ಬೇಡ. ರೀ, ಹಂಡೆ ಮೇಲಕ್ಕೆ ಹೊರೋರು ನೀವು.

ರವಿಶಂಕರ: ದಿನಾನಾ?

ಇಂಪನಾ: ಒಂದು ತಿಂಗಳು ಸುಳ್ಳು ಹೇಳೋಕೆ ಶಕ್ತಿ ಇತ್ತಲ್ಲ.

ಗುರುಪ್ರಸಾದ್: ಮೇಡಂ, ಮಧ್ಯೆ ಬಾಯಿ ಹಾಕ್ತೀನಿ ಅಂದ್ಕೋಬೇಡಿ. ನೀರಿಗೆ ಹತ್ತೋದು ಕಷ್ಟ, ಇಳಿಯೋದು ಸುಲಭ. ನಿಮ್ಮ ಡಿಸೈನ್ ಸರಿ ಇದೆ.

ಹಾಲಮ್ಮ ಫೋನಿನ ಕಡೆ ನೋಡಿದ ನೋಟ ಈಗ ಮೊದಲಿನ ಹಾಗಿರಲಿಲ್ಲ. ಮುಟ್ಟದೆ, ಕಣ್ಣಲ್ಲೂ ನೋಡದೆ, ಹತ್ತು ಮೈಲಿ ದೂರ ಕೂತು ತಮ್ಮ ಬಚ್ಚಲ ಗುಟ್ಟು ಹಿಡಿದವನ ಬಗ್ಗೆ ಅವರಿಗೆ ಒಳಗೊಳಗೇ ಒಂದು ಮರ್ಯಾದೆ ಹುಟ್ಟಿತ್ತು. ಅವರು ಮಗಳ ಕಾಲಿನಿಂದ ಮೊಮ್ಮಗಳನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡರು. ಬುಧವಾರ ಬೆಳಗ್ಗೆ ಎಷ್ಟು ಗಂಟೆಗೆ ಒಳ್ಳೆಯದಿದೆ ಎಂದು ಕ್ಯಾಲೆಂಡರು ನೋಡಿಕೊಂಡು ಬರಲು ಅಳಿಯನಿಗೆ ಹೇಳಿದರು. ಆ ಮಾತು ಹೇಳುವಾಗ ಅವರು ಮೊಮ್ಮಗಳ ನೆತ್ತಿಗೆ ಮುಖ ಒತ್ತಿದ್ದರು. ಇಂಪನಾ ಅದನ್ನು ಕಾಣದವಳ ಹಾಗೆ ಚಾಪೆ ಸುತ್ತಲು ಎದ್ದಳು.

ಗುರುಪ್ರಸಾದ್: ಸರ್, ಓಣಿ ಪಟ್ಟೀಲಿ ಇರ್ಲಿ. ನಾಳೆ ಬೆಳಗ್ಗೆ ನಾನೇ ಬಂದು ಹಲಗೆ ಮೇಲೆ ನಿಂತು ನೋಡ್ತೀನಿ. ಆದ್ರೆ ಮೊದಲು ಕೊಟ್ಟ ದಾಖಲೆ ಯಾಕೆ ಬದಲಾಯ್ತು ಅಂತ ಕಾರಣ ಬರೀಬೇಕು. ಏನು ಬರೀಲಿ?

ರವಿಶಂಕರ ಕ್ಯಾಲೆಂಡರಿಗೆ ಮುಖ ಮಾಡಿ ನಿಂತ. ಕಿವಿ ಮಾತ್ರ ಕೆಂಪಾಗಿತ್ತು. ಹಾಲಮ್ಮ ಮಗುವನ್ನು ಎತ್ತಿಕೊಂಡೇ ಸ್ಟೂಲಿನ ಹತ್ತಿರ ಬಂದು ಬಾಗಿದರು.

ಹಾಲಮ್ಮ: ಬರ್ಕೊಳಪ್ಪ. ಹೆಂಡ್ತಿ ಮನೆಗೆ ಬರ್ಲಿ ಅಂತ ಸುಳ್ಳು ಹೇಳಿದ್ರು ಅಂತ.

ಗುರುಪ್ರಸಾದ್: ತಾಂತ್ರಿಕ ಕಾರಣ ಅಂತ ಹಾಕ್ಕೊತೀನಮ್ಮ.

ಹಾಲಮ್ಮ: ಏನಾದ್ರೂ ಹಾಕ್ಕೊ. ಅದರ ಕೆಳಗೆ ನಂದೂ ಒಂದು ಸಾಲು ಬರಿ. ಮೊಮ್ಮಗಳನ್ನ ಭದ್ರಾವತಿಯಿಂದ ಕಳಿಸೋಕೆ ಅಜ್ಜಿಗೆ ಮನಸ್ಸಿರ್ಲಿಲ್ಲ ಅಂತ.

ಟಕಟಕ ಸದ್ದು ನಿಂತಿತು. ಗುರುಪ್ರಸಾದ್ ನಿಜಕ್ಕೂ ಯೋಚಿಸುತ್ತಿದ್ದ.

ಗುರುಪ್ರಸಾದ್: ಅದು ಆಗಲ್ಲಮ್ಮ. ಭದ್ರಾವತಿ ನಮ್ಮ ಟೆಂಡರಿಗೆ ಸೇರಿಲ್ಲ.